ಹಿತ್ತಲಲ್ಲಿ ಸಾಮೂಹಿಕ ಬಿಯರ್ ತಯಾರಿಕೆ: ಸಂಘಟಕರಿಗೆ ಕೆಲವು ಸೂಚನೆಗಳು

ಈ ಲೇಖನ ಅಮೆರಿಕದಲ್ಲಿ ನೆಲೆಸಿ, ಹಿತ್ತಲಿರುವ ಮನೆ ಕೊಂಡು, ಅದರ ಕಂತು ಕಟ್ಟುತ್ತಿರುವ ಕನ್ನಡಿಗರಿಗೆ ಮಾತ್ರ. ಕರ್ನಾಟಕದಲ್ಲಿರುವವರು ಇದನ್ನು ಸಾಹಿತ್ಯವೆಂದು ತಿಳಿದು ಓದಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೊಸಬ, ಅನುಭವಿ ಎಂಬ ಭೇದವನ್ನು ಆ ಕಾಯ್ದೆ ಎಣಿಸುವುದಿಲ್ಲ. ಇಬ್ಬರನ್ನೂ ಒಂದೇ ಜೀಪಿನಲ್ಲಿ ಕರೆದೊಯ್ಯಲಾಗುತ್ತದೆ.

ಅಮೆರಿಕದಲ್ಲೂ ಬಹುಕಾಲ ಹೀಗೇ ಇತ್ತು. 1933ರಲ್ಲಿ ಪಾನನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ದಾರಿಯಾಯಿತು, ಬಿಯರ್ ಹೊರಗುಳಿಯಿತು. ಅದನ್ನು ಸರಿಪಡಿಸುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರ್ 14ರಂದು. ಒಬ್ಬನೇ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್; ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200. ಮದುವೆಯಿಂದ ಗಂಡಸಿಗೆ ಲಭಿಸುವ ಈ ಹೆಚ್ಚುವರಿ 100 ಗ್ಯಾಲನ್ನನ್ನು ಯಾವ ಜ್ಯೋತಿಷಿಯೂ ಜಾತಕದಲ್ಲಿ ಬರೆದುಕೊಡುವುದಿಲ್ಲ. ಅತ್ತೆ, ಮಾವ ಆರು ತಿಂಗಳಿಗೆಂದು ಬಂದರೆ ಕೋಟಾ ಇನ್ನೂ ಏರುವುದೇ ಎಂದು ಕೆಲವರು ಕೇಳುವುದುಂಟು. ಏರುವುದಿಲ್ಲ. ಹಾಗೆ ನೋಡಿದರೆ 200 ಗ್ಯಾಲನ್ ಎಂದರೆ 757 ಲೀಟರ್, ದಿನಕ್ಕೆ ಎರಡು ಲೀಟರಿಗಿಂತ ಚೂರು ಹೆಚ್ಚು. ಅತ್ತೆ, ಮಾವ ಮನೆಯಲ್ಲಿರುವಾಗಲೂ ಇಷ್ಟು ಸಾಕಾಗಬೇಕು. ಮಾರುವಂತಿಲ್ಲ ಎಂಬ ಷರತ್ತೂ ಇದೆ. ಅದರ ಬಗ್ಗೆ ಚಿಂತೆ ಬೇಡ, ಕೊಳ್ಳುವವರು ಇರುವುದಿಲ್ಲ.

ಈಗ ಮುಹೂರ್ತ. ಅಮೆರಿಕದ ಮನೆ ಬಿಯರ್ ತಯಾರಕರ ಸಂಘವು ವರ್ಷಕ್ಕೆ ಎರಡು ಶನಿವಾರಗಳನ್ನು ಗೊತ್ತುಮಾಡಿದೆ. ಮೇ ತಿಂಗಳ ಮೊದಲ ಶನಿವಾರ ಎಲ್ಲರೂ ಕೂಡಿ ಕುದಿಸುವ ದಿನ. ನವೆಂಬರಿನ ಮೊದಲ ಶನಿವಾರ ಹೊಸಬರಿಗೆ ಕಲಿಸುವ ದಿನ. ಎರಡನೆಯದು ಕನ್ನಡಿಗರಿಗೆ ಹೊಂದುವುದಿಲ್ಲ. ಅದೇ ಹೊತ್ತಿಗೆ ರಾಜ್ಯೋತ್ಸವ ಬರುತ್ತದೆ, ಬಿಯರ್ ಕಲಿಯಬೇಕಾದವರೆಲ್ಲ ಹೈಸ್ಕೂಲಿನ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿರುತ್ತಾರೆ. ಮೇ ತಿಂಗಳೇ ಕ್ಷೇಮ. ಹಾಲ್ ಸಿಕ್ಕಿದ ದಿನವೇ ಯುಗಾದಿ ಎಂಬ ಸಂಪ್ರದಾಯವಿರುವ ಊರುಗಳಲ್ಲಿ ಮಾತ್ರ ಕನ್ನಡ ಸಂಘದ ಕಾರ್ಯದರ್ಶಿಯನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಜನರನ್ನು ಕೂಡಿಸುವಾಗ ಒಬ್ಬ ಹೊಸಬನಿಗೆ ಮೂವರು ಅನುಭವಿಗಳಿರುವಂತೆ ನೋಡಿಕೊಳ್ಳಿ. ಒಬ್ಬ ಕೆಲಸ ಮಾಡಲು, ಮೂವರು ‘ಹಾಗಲ್ಲ’ ಎನ್ನಲು. ಇದಕ್ಕಿಂತ ಕಡಿಮೆಯಾದರೆ ಹೊಸಬ ತಾನಾಗಿಯೇ ಏನಾದರೂ ಕಲಿತುಬಿಡುವ ಅಪಾಯವಿದೆ. ಅನುಭವಿಯನ್ನು ಗುರುತಿಸುವುದು ಕಷ್ಟವಲ್ಲ: ಕನಿಷ್ಠ ಒಂದು ಹೈಡ್ರೋಮೀಟರ್ ಒಡೆದಿರುತ್ತಾನೆ, ಉಳಿದ ಅನುಭವಿಗಳ ಬಿಯರ್ ಬಗ್ಗೆ ಕನಿಕರದಿಂದ ಮಾತಾಡುತ್ತಾನೆ, ಅಂಗಡಿಯ ಬಿಯರನ್ನು ಎಲ್ಲರೆದುರು ಮುಟ್ಟುವುದಿಲ್ಲ. ಹೊಸಬನ ಗುರುತು ಇನ್ನೂ ಸುಲಭ. ಬಂದ ಹತ್ತು ನಿಮಿಷದಲ್ಲಿ ಕೇಳುತ್ತಾನೆ: “ಸರ್, ಕುಡಿಯೋದು ಎಷ್ಟು ಗಂಟೆಗೆ?”

ಉತ್ತರ ಜೂನ್ ತಿಂಗಳಿಗೆ. ಇದನ್ನು ಆಹ್ವಾನದಲ್ಲಿ ಬರೆಯಬಾರದು.

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಸೇರಿದ ಮೇಲೆ ಬಿಯರ್ ತಯಾರಿಕೆಯ ಮೊದಲನೆಯ, ಎರಡನೆಯ ಮತ್ತು ಕೊನೆಯ ಹಂತ ಆರಂಭವಾಗುತ್ತದೆ: ಪಾತ್ರೆ ತೊಳೆಯುವುದು. ದೊಡ್ಡ ಪಾತ್ರೆ, ಬಕೆಟ್ಟು, ಸೌಟು, ರಬ್ಬರ್ ನಳಿಗೆ, ನಲ್ಲಿಯ ತಿರುಪು, ಇವನ್ನೆಲ್ಲ ಉಜ್ಜಿ, ಜಾಲಾಡಿಸಬೇಕು. ಕುದಿ ಮುಗಿದ ಮೇಲೆ ದ್ರವಕ್ಕೆ ತಾಗುವ ಪ್ರತಿಯೊಂದನ್ನೂ ಸ್ಯಾನಿಟೈಸರಿನಲ್ಲಿ ಅದ್ದಬೇಕು. ಬಿಟ್ಟರೆ ಕಾಡು ಯೀಸ್ಟೋ ಬ್ಯಾಕ್ಟೀರಿಯವೋ ಹೊಕ್ಕು ಎಲ್ಲ ಹುಳಿಯಾಗುತ್ತದೆ. ಮನೆಯಲ್ಲಿ ಕಾಫಿ ಕುಡಿದ ಲೋಟವನ್ನು ಸಿಂಕಿನವರೆಗೂ ಒಯ್ಯದ ಗಂಡಸರು ಅಂದು ಎರಡು ಗಂಟೆ ಮಂಡಿಯೂರಿ, ಟಾರ್ಚ್ ಹಿಡಿದು, ನಳಿಗೆಯ ಒಳಗೆ ಇಣುಕುವುದನ್ನು ಕಾಣಬಹುದು. ಹೆಂಡತಿಯರು ಅಡಿಗೆಮನೆಯ ಕಿಟಕಿಯಿಂದ ಇದನ್ನು ನೋಡದಂತೆ ಪರದೆ ಎಳೆಯುವುದು ಸಂಘಟಕರ ಜವಾಬ್ದಾರಿ. ಒಂದು ಕಡೆ ಇದನ್ನು ಮರೆತಿದ್ದರಿಂದ ಮನೆಯ ಪಾತ್ರೆ ತೊಳೆಯುವ ವ್ಯವಸ್ಥೆಯೇ ಬದಲಾಗಿ, ಆ ಸದಸ್ಯರು ಹವ್ಯಾಸ ಬಿಟ್ಟರು.

ಊರಿನಿಂದ ತಾಯಂದಿರು ಬಂದಿದ್ದರೆ ಅವರನ್ನು ಅಂದು ದೇವಸ್ಥಾನಕ್ಕೆ ಕಳಿಸಬೇಕು. ಧಾರ್ಮಿಕ ಕಾರಣಕ್ಕಲ್ಲ, ತಾಂತ್ರಿಕ ಕಾರಣಕ್ಕೆ. ಅವರು ಹಿತ್ತಲಿಗೆ ಬಂದು, ಮಾಲ್ಟ್ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆಸೆದುಕೊಂಡು, “ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿದ್ದು ಅಲ್ವೇನೋ? ರಾಗಿಗೆ ನಾವು ಮಾಡ್ತೀವಲ್ಲ, ಹಾಗೇ” ಎನ್ನುತ್ತಾರೆ. ಬಾರ್ಲಿಗೆ ಮಾಡುವುದೂ ಅಷ್ಟೇ. ಆದರೆ ಅನುಭವಿಯೊಬ್ಬ ಕಿಣ್ವಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಮುಗಿಸಿರುವಾಗ ಇಂಥ ಮಾಹಿತಿಯಿಂದ ಸಭೆಯ ಗಾಂಭೀರ್ಯ ಕೆಡುತ್ತದೆ. ಅದರ ಬೆನ್ನಿಗೇ “ಇದಕ್ಕೆಷ್ಟು ಕೊಟ್ಟೆ?” ಎಂಬ ಪ್ರಶ್ನೆ ಬರುವುದೂ ನಿಶ್ಚಿತ.

ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ಒಂದು ಗಂಟೆ ಬಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ನೀರು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬಿಯರ್ ತೆಳುವಾಗಿ, ಸಿಹಿಯಿಲ್ಲದೆ ಬರುತ್ತದೆ. 68ರ ಹತ್ತಿರವಾದರೆ ಮಂದವಾಗಿ, ತುಸು ಸಿಹಿಯಾಗಿ. ಹೀಗಾಗಿ ಪ್ರತಿ ಊರಿನಲ್ಲೂ 65ರ ಬಣ, 68ರ ಬಣ ಎಂದು ಎರಡಿರುತ್ತವೆ. ಇಬ್ಬರಿಗೂ ಮಾತಾಡಲು ಅವಕಾಶ ಕೊಡಿ. ಚರ್ಚೆ ಮುಗಿಯುವ ಹೊತ್ತಿಗೆ ನೀರು 60ಕ್ಕೆ ಇಳಿದಿರುತ್ತದೆ, ಯಾರಿಗೂ ಸೋಲಾಗುವುದಿಲ್ಲ.

ಸೋಸಿ ತೆಗೆದ ಸಿಹಿ ರಸವನ್ನು ಪ್ರೊಪೇನ್ ಒಲೆಯ ಮೇಲೆ ಒಂದು ಗಂಟೆ ಕುದಿಸಬೇಕು. ಒಲೆ ಬಯಲಲ್ಲೇ ಇರಬೇಕು. ಮಳೆ ಬಂತೆಂದು ಗರಾಜಿನೊಳಗೆ ತಂದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋಗುತ್ತದೆ. ಇಲ್ಲಿ ಹಾಸ್ಯವಿಲ್ಲ. ಕಹಿಗೆಂದು ಕುದಿಯಲ್ಲಿ ಹಾಕುವ ಹಾಪ್ಸ್ ಹೂವಿನ ವಿಷಯದಲ್ಲೂ ಇಲ್ಲ: ನಾಯಿ ತಿಂದರೆ ಮೈ ವಿಪರೀತ ಬಿಸಿಯೇರಿ ಸಾಯಬಹುದು, ಆದ್ದರಿಂದ ನಾಯಿಯನ್ನು ಒಳಗೆ ಕಟ್ಟಿ. ಕುದಿ ಬರುವ ಕ್ಷಣ ನೊರೆ ಸರ್ರನೆ ಏರುತ್ತದೆ. ಗೃಹಪ್ರವೇಶದಲ್ಲಿ ಹಾಲುಕ್ಕುವುದನ್ನು ಕಂಡು ಕೈಮುಗಿದು ಬೆಳೆದ ನಮ್ಮ ಜನ ಇಲ್ಲೂ ಸುತ್ತ ನಿಂತು ಸಂತೋಷದಿಂದ ನೋಡುತ್ತಾರೆ, ಯಾರೂ ಒಲೆ ತಗ್ಗಿಸುವುದಿಲ್ಲ. ಅಂಟು ಪಾಕ ಬರ್ನರಿನ ಮೇಲೆ ಸುರಿದು ಒಲೆ ಆರುತ್ತದೆ. ಅನುಭವಿಗಳು ಆಗ, ಇದಾಗುತ್ತದೆಂದು ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಅದು ನಿಜ.

ರಸವನ್ನು ಬೇಗ 20 ಡಿಗ್ರಿಗೆ ಆರಿಸಿ, ಹೈಡ್ರೋಮೀಟರ್ ಇಳಿಬಿಟ್ಟು ಸಾಂದ್ರತೆಯನ್ನು ಓದಿಕೊಳ್ಳಿ. ಈಗ 1.050 ಇದ್ದು, ಹುದುಗಿದ ಮೇಲೆ 1.010ಕ್ಕೆ ಇಳಿದರೆ ವ್ಯತ್ಯಾಸವನ್ನು 131.25ರಿಂದ ಗುಣಿಸಿ, 5.25 ಶೇಕಡಾ ಆಲ್ಕೊಹಾಲ್. ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚಿರುವ ಕಡೆ ಇದಕ್ಕೊಂದು ಆ್ಯಪ್ ಇರುತ್ತದೆ, ಅದರಲ್ಲಿ ಬಗ್ ಇರುತ್ತದೆ, ಎಲ್ಲರೂ ಬಿಯರ್ ಬಿಟ್ಟು ಅದನ್ನು ಸರಿಪಡಿಸಲು ಕೂರುತ್ತಾರೆ. ಕುದಿಸುವ ದಿನದ ಅತ್ಯಂತ ಫಲಪ್ರದ ಒಂದು ಗಂಟೆ ಇದು.

ಆ ಗದ್ದಲದ ನಡುವೆ ಮೂಲೆಯಲ್ಲಿ ನಿಂತ ಹೊಸಬ, ಪೊಟ್ಟಣದ ಮೇಲೆ ಬರೆದಿರುವಂತೆಯೇ, ಯೀಸ್ಟನ್ನು ರಸಕ್ಕೆ ಹಾಕಿ ಮುಚ್ಚಳ ಮುಚ್ಚಿರುತ್ತಾನೆ. ಬಿಯರ್ ಮಾಡುವುದು ವಾಸ್ತವವಾಗಿ ಈ ಯೀಸ್ಟ್. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಸಲ್ಲುತ್ತವೆ ಎಂದು ಕಟ್ಟಳೆ ಮಾಡಿದಾಗ ಯೀಸ್ಟಿನ ಹೆಸರನ್ನೇ ಎತ್ತಲಿಲ್ಲ. ಯೀಸ್ಟಿನ ಕೆಲಸವನ್ನು ವಿವರಿಸಿದ ಲೂಯಿ ಪಾಶ್ಚರ್ ಬಿಯರ್ ಕುರಿತ ತನ್ನ ಪುಸ್ತಕ ಪ್ರಕಟಿಸಿದ್ದು 1876ರಲ್ಲಿ. ನಿಜವಾಗಿ ದುಡಿಯುವವರ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಬಿಡುವ ಪದ್ಧತಿ ಅಷ್ಟು ಪುರಾತನವಾದುದು, ನಮ್ಮ ಸಂಘಗಳು ಅದನ್ನು ಈಗಲೂ ಪಾಲಿಸಿಕೊಂಡು ಬಂದಿವೆ.

ಸಂಜೆಯ ರುಚಿ ನೋಡುವ ಕಾರ್ಯಕ್ರಮಕ್ಕೆ ಅನುಭವಿಗಳು ತಮ್ಮ ಹಳೆಯ ಬಾಟಲಿಗಳನ್ನು ತರುತ್ತಾರೆ. ಇಲ್ಲಿ ಮೂಗು ಮುಖ್ಯ. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್, ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಡೈಮೀಥೈಲ್ ಸಲ್ಫೈಡ್, ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿದೆ ಎಂದರ್ಥ. ಬಿಸಿಲಿಗಿಟ್ಟ ಬಾಟಲಿ ಸ್ಕಂಕ್ ಎಂಬ ಪ್ರಾಣಿಯಂತೆ ನಾರುತ್ತದೆ. ಸ್ಕಂಕ್ ಇಲ್ಲದ ನಾಡಿನಿಂದ ಬಂದವರು ಇದನ್ನೇ ವಿಶೇಷ ಪರಿಮಳವೆಂದು ಹೊಗಳಿ ಇನ್ನೊಂದು ಲೋಟ ಕೇಳಬಹುದು. ತಿದ್ದಬೇಡಿ, ಬಾಟಲಿ ಖಾಲಿಯಾಗಲಿ. ಯಾರ ಬಿಯರಾದರೂ ಸರಿ, “ಬಾಡಿ ಚೆನ್ನಾಗಿದೆ” ಎಂದರೆ ಸಾಕು. ಎರಡನೆಯ ಗುಟುಕನ್ನು ಗುಲಾಬಿ ಗಿಡಕ್ಕೆ ಹಾಕುವ ರೂಢಿ ಇದೆ.

ಜೂನ್ ತಿಂಗಳಲ್ಲಿ ಹೊಸಬನ ಬಿಯರ್ ಎಲ್ಲರದ್ದಕ್ಕಿಂತ ಚೆನ್ನಾಗಿ ಬಂದಿರುತ್ತದೆ. ಇದು ಪ್ರತಿ ಸಲವೂ ಆಗುವಂಥದ್ದು, ಇದಕ್ಕೆ ಶಾಸ್ತ್ರೀಯ ವಿವರಣೆಯೂ ಇದೆ: ಅವನು ಪೊಟ್ಟಣದ ಮೇಲಿನ ಸೂಚನೆಯನ್ನು ಓದಿದ್ದ. ಮರುವರ್ಷದ ಹೊತ್ತಿಗೆ ಓದುವುದನ್ನು ನಿಲ್ಲಿಸಿ, ಅವನೂ ಅನುಭವಿಯಾಗಿರುತ್ತಾನೆ.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ಕುದಿಸುವ ದಿನ ಬಂದವರೆಲ್ಲ ಬಾಟಲಿ ತುಂಬುವ ದಿನವೂ ಬರಬೇಕು. 19 ಲೀಟರಿಗೆ ಐವತ್ತಕ್ಕೂ ಹೆಚ್ಚು ಸಣ್ಣ ಬಾಟಲಿ ಬೇಕಾಗುತ್ತವೆ, ಒಂದೊಂದನ್ನೂ ತೊಳೆಯಬೇಕು. ಮನೆಗೆ ಒಯ್ದ ಬಾಟಲಿಗಳನ್ನು ಕುಡಿದಾದ ಮೇಲೆ ಜಾಲಾಡಿಸಿ ಹಿಂದಿರುಗಿಸಿ. ಕಳೆದ ಸಲದವು ಇನ್ನೂ ಬಂದಿಲ್ಲ.