ಅರಗಿನ ಮೇಜು

ಅಪ್ಪ ಸಾಗುವಾನಿ ಮೇಜು ಮಾಡಿಸಿದ ವರ್ಷ ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಕಾಫಿ ಕುಡಿಯುವುದೇ ತಪ್ಪಿತು. ಲೋಟ ಕೆಳಗಿಡುವ ಮೊದಲೇ "ಏಯ್, ಮೇಜು!" ಎಂಬ ಕೂಗು. ಲೋಟದ ಜೊತೆ ಬಟ್ಟಲಿರುವುದು ಕಾಫಿ ಆರಿಸಲಿಕ್ಕೆ ಎಂದು ನಾವು ತಿಳಿದಿದ್ದರೆ, ಮೇಜಿನ ಮಾನ ಕಾಯಲಿಕ್ಕೆ ಎಂದು ಅಪ್ಪ ಹೊಸ ಭಾಷ್ಯ ಬರೆದರು.

ಅಮ್ಮ ಮೇಜಿಗೆ ಕ್ರೋಶಾ ಬಟ್ಟೆ ಹೊದಿಸಿದಳು. ಬಟ್ಟೆ ಕೊಳೆಯಾಗದಿರಲೆಂದು ಪ್ಲಾಸ್ಟಿಕ್ ಹಾಳೆ ಬಂತು, ಪ್ಲಾಸ್ಟಿಕ್ ಹರಿಯದಿರಲೆಂದು ಹಳೇ ಪೇಪರು. ನೆಂಟರು ಬಂದರೆ ಪೇಪರು ಮಾತ್ರ ತೆಗೆಯುತ್ತಿದ್ದೆವು. ಸಾಗುವಾನಿಯ ದರ್ಶನಭಾಗ್ಯ ಯಾರಿಗೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಎಲ್ಲ ಸರಿಸಿ ನೋಡಿದರೆ, ಕ್ರೋಶಾದ ತೂತುಗಳಲ್ಲಿ ಪ್ಲಾಸ್ಟಿಕ್ ಪಾಲಿಶಿಗೆ ಅಂಟಿ, ಮೇಜಿನ ತುಂಬ ಅಮ್ಮನ ಹೂಗಳೇ ಅಚ್ಚಾಗಿದ್ದವು!

ಬಡಗಿ ಆಚಾರ್ರು ನೋಡಿ ನಕ್ಕರು. "ಪಾಲಿಶ್ ಅಂದ್ರೆ ಏನಂದ್ಕೊಂಡ್ರಿ ಸ್ವಾಮಿ? ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಪಾಂಡವರ ಕಥೆ ಗೊತ್ತಲ್ಲ, ಅರಗಿನ ಮನೆಗೆ ಬಿಸಿ ತಾಗಿಸಬಾರದು."

ಬಿಸಿ ಪಾತ್ರೆ ಇಟ್ಟಾಗ ಮೂಡುವ ಬಿಳಿ ಉಂಗುರ ಪಾಲಿಶಿನೊಳಗೆ ಸಿಕ್ಕಿಬಿದ್ದ ತೇವವಂತೆ. ಕೊಬ್ಬರಿ ಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟರೆ ಕೆಲವೊಮ್ಮೆ ಮಾಯವಾಗುತ್ತದೆ. ಕಪ್ಪು ಉಂಗುರಕ್ಕೆ ಎಣ್ಣೆ ನಾಟುವುದಿಲ್ಲ. ಒದ್ದೆ ಕಬ್ಬಿಣದ ಬಾಣಲೆಯ ತುಕ್ಕು ಮರದ ಒಗರಿಗೆ ಸೇರಿ ಮಾಡುವ ಕೆಲಸ ಅದು. ಹಿಂದಿನವರು ಒಗರಿನ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಅಂದರೆ ನಮ್ಮ ಬಾಣಲೆ ಮೇಜಿನ ಮೇಲೆ ಕೂತು ಬರೆದೇಬಿಟ್ಟಿತ್ತು.

ಇಷ್ಟೆಲ್ಲ ತಿಳಿದ ನಾನೇ 2020ರಲ್ಲಿ ಕೊರೊನಾಕ್ಕೆ ಹೆದರಿ ಮೇಜಿಗೆ ದಿನಾ ಸ್ಯಾನಿಟೈಸರ್ ಉಜ್ಜಿದೆ. ಸ್ಪಿರಿಟ್‌ನಲ್ಲಿ ಕರಗಿದ ಅರಗು ಸ್ಯಾನಿಟೈಸರಿನಲ್ಲಿ ಕರಗದೆ ಇದ್ದೀತೆ? ವೈರಸ್ಸಿನ ವಿಷಯ ಗೊತ್ತಿಲ್ಲ, ಪಾಲಿಶಂತೂ ಕೈಗೆ ಬಂತು.

ಅಜ್ಜಿಯ ಅಡುಗೆಮನೆಯಲ್ಲಿ ಈ ಯಾವ ರಾಮಾಯಣವೂ ಇರಲಿಲ್ಲ. ಗೋಡೆಯ ಮೊಳೆಗೆ ಹಳೇ ಸೀರೆಯ ಸಿಂಬೆ ನೇತಾಡುತ್ತಿತ್ತು. ಸಾರಿನ ಪಾತ್ರೆ ಇಳಿಯುವ ಮುಂಚೆ ಸಿಂಬೆ ಇಳಿಯುತ್ತಿತ್ತು. ನೆಲದಿಂದ ಊಟದ ಮೇಜಿಗೆ ಏರುವಾಗ ನಾವು ತಟ್ಟೆ, ಚಮಚ ಎಲ್ಲ ತಂದೆವು, ಸಿಂಬೆಯನ್ನು ಮೊಳೆಯಲ್ಲೇ ಬಿಟ್ಟು ಬಂದೆವು. ಈಗ ಅಂಗಡಿಯಲ್ಲಿ ಅದನ್ನೇ ಸೆಣಬಿನಲ್ಲಿ ಹೆಣೆದು ಆರರ ಸೆಟ್ ಎಂದು ಮಾರುತ್ತಾರೆ. ನಾನೂ ಕೊಂಡೆ.

ಮೇಜಿಗೆ ಈಗ ಯಾವ ಹೊದಿಕೆಯೂ ಇಲ್ಲ. ಅಮ್ಮನ ಹೂಗಳಲ್ಲಿ ಉಳಿದವು ಹಾಗೇ ಇವೆ, ಪಾಲಿಶ್ ಮಾಡಿಸಲು ಮನಸ್ಸಾಗಿಲ್ಲ. ನಮ್ಮ ಮನೆಗೆ ಬಂದರೆ ಕಾಫಿ ಲೋಟ ಎಲ್ಲಿ ಬೇಕಾದರೂ ಇಡಿ. ಬಾಣಲೆ ಮಾತ್ರ ಸಿಂಬೆಯ ಮೇಲೆ.