ಸವಳು ನೀರಿನವರ ಸಮುದ್ರಜ್ಞಾನ

ಗದಗ-ಬೆಟಗೇರಿಯಲ್ಲಿ ಕುಳಿತು ಸಮುದ್ರದ ಮೀನು ಹಿಡಿಯುವ ರೀಲ್ ಆರಿಸುವವನನ್ನು ಮಂದಿ ಅನುಕಂಪದಿಂದ ನೋಡುತ್ತಾರೆ. ಅಂಕೋಲೆಯ ದಂಡೆ ಇಲ್ಲಿಂದ ಸುಮಾರು 190 ಕಿಲೋಮೀಟರ್. ನಡುವೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ. "ಮುಂಡರಗಿ ಕಡೆ ಹೊಳಿ ಐತಿ, ಡಂಬಳದಾಗ ಕೆರಿ ಐತಿ. ಅಲ್ಲಿ ಮೀನ ನಿನ್ನ ಕೂಡ ಮಾತು ಬಿಟ್ಟಾವೇನು?" ಎಂದ ಲಕ್ಷ್ಮೇಶ್ವರದ ಗೆಳೆಯ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯ ಹೆಸರನ್ನು ಮಾತ್ರ ಅವನೂ ಎತ್ತಲಿಲ್ಲ. ಹಿಮಾಲಯದಾಚೆಯಿಂದ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ಅಲ್ಲಿ ಗಾಳ ಹಿಡಿದು ನಿಂತರೆ ಮೊದಲು ಸಿಕ್ಕಿಬೀಳುವವನು ನಾನೇ.

ಆದರೆ ಉಪ್ಪುನೀರಿನ ವಿಷಯದಲ್ಲಿ ಗದಗಿನವರು ಕರಾವಳಿಯವರಿಗೆ ಸೋಲಬೇಕಾಗಿಲ್ಲ. ಬೋರ್‌ವೆಲ್ಲಿನ ಸವಳು ನೀರಿಗೆ ನಲ್ಲಿಯ ಮೂತಿಯಲ್ಲಿ ಬಿಳಿ ಗಡ್ಡ ಬೆಳೆದದ್ದು, ಗೀಸರಿನ ಕಾಯಿಲ್ ಕಣ್ಮುಚ್ಚಿದ್ದು ನಮ್ಮ ಮನೆಮನೆಯ ಇತಿಹಾಸ. ಹಾಗಾಗಿ ಕ್ಯಾಟಲಾಗನ್ನು ನೇರ ಬೋರ್‌ವೆಲ್ ಮೋಟಾರ್ ಬಿಚ್ಚುವ ಮೇಸ್ತ್ರಿಯ ಮುಂದಿಟ್ಟೆ. ಅವನು ಸಮುದ್ರ ಕಂಡವನಲ್ಲ.

"ಬೇರಿಂಗ್ ಎಷ್ಟದಾವ?"

"ಹತ್ತು," ಎಂದೆ, ಹೆಮ್ಮೆಯಿಂದ.

"ಹಂಗಾರ ನನ್ನ ಕಡೆ ಹತ್ತು ಸಲ ಬರ್ತಿ."

ಮಾತು ಖರೆ. ಸ್ಟೇನ್‌ಲೆಸ್ ಬೇರಿಂಗಿಗೂ ಉಪ್ಪು ತುಕ್ಕು ಹಿಡಿಸುತ್ತದೆ. ದೂರ ಎಸೆಯಲು ಸ್ಪೂಲಿನ ಎರಡು ತುದಿಗೆ ಎರಡಿದ್ದರೆ ಸಾಕು. ಉಳಿದ ಕಡೆ ಕಂಚಿನ ಬುಷ್ ಹನಿ ಎಣ್ಣೆ ಕುಡಿದು ಸುಮ್ಮನಿರುತ್ತದೆ. ದಾರವನ್ನು ಸಮನಾಗಿ ಹಾಸುವ ಲೆವೆಲ್‌ವೈಂಡ್ ಕಂಡು ಅವನು ನಕ್ಕ: ಅದರ ತಿರುಪಿನ ಗಾಡಿಯಲ್ಲಿ ಉಸುಕು ಬಿಟ್ಟಿ ಪ್ರಯಾಣ ಮಾಡುತ್ತದಂತೆ. ಅಲ್ಯೂಮಿನಿಯಂ ಚೌಕಟ್ಟಿನೊಳಗೆ ಸ್ಟೀಲ್ ಸ್ಕ್ರೂ, ಮೇಲೆ ಉಪ್ಪುನೀರು ಎಂದರೆ ಅದೊಂದು ಬ್ಯಾಟರಿ. ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ, ಸ್ಕ್ರೂ ಅಲುಗುವುದಿಲ್ಲ. ಹೊಸದಿರುವಾಗಲೇ ಪ್ರತಿ ಸ್ಕ್ರೂ ಬಿಚ್ಚಿ ಗ್ರೀಸ್ ಸವರಬೇಕು.

ಗದಗ ಮುದ್ರಣದ ಊರು, ಆದ್ದರಿಂದ ಎರಡನೆಯ ಅಭಿಪ್ರಾಯ ಪ್ರೆಸ್ಸಿನ ಹಳೆಯ ಮಷೀನ್‌ಮನ್‌ನದು. ಪೂರ್ತಿ ಸೀಲ್ ಮಾಡಿದ ದುಬಾರಿ ರೀಲಿನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಎಣ್ಣಿ ಎಲ್ಲಿ ಬಿಡಬೇಕು? ಬಿಚ್ಚಾಕ ಬರಂಗಿಲ್ಲಂದ್ರ ಅದು ಮಷೀನ್ ಅಲ್ಲ, ಮೂರ್ತಿ" ಎಂದ.

ಮೂರನೆಯವರು ಓಣಿಯ ನೇಕಾರಜ್ಜ. ತಾನೇ ತಿರುಗುವ ಅಡ್ಡ ಸ್ಪೂಲ್ ಅವರಿಗೆ ಕಂಡಿಕೆಯ ಹಾಗೆಯೇ ಕಂಡಿತು. "ನೂಲು ಹೋಗೂದಕ್ಕಿಂತ ಇದು ಜೋರ ತಿರುಗಿದ್ರ ಗೋಜಲು" ಎಂದು ಒಂದೇ ನೋಟಕ್ಕೆ ಈ ಜಾತಿಯ ರೀಲಿನ ರೋಗ ಹೇಳಿಬಿಟ್ಟರು. ಮದ್ದು, ಸ್ಪೂಲಿನ ಮೇಲಿಟ್ಟ ಹೆಬ್ಬೆರಳು.

ಇಂಥ ರೀಲಿನ ಪೂರ್ವಿಕರಲ್ಲಿ ಗಡಿಯಾರದವರಿದ್ದಾರೆ. ರೀಲ್ ಮಾಡಿದ ಕೆಂಟಕಿಯ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವನು. 1952ರಲ್ಲಿ ಅಂಬಾಸಡರ್ ರೀಲ್ ಕೊಟ್ಟ ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿ. ಗಡಿಯಾರದವರಿಗೆ ಅಚ್ಚುಕಟ್ಟು ಮುಖ್ಯ, ತೆರೆಗೆ ಅದರ ಗೊಡವೆಯಿಲ್ಲ. ನನ್ನ ಮೂವರು ಪಂಚರು ಒಪ್ಪಿದ್ದು 1932ರಲ್ಲಿ ಫಿಲಡೆಲ್ಫಿಯಾದಲ್ಲಿ ಆಟೊ ಹೆಂಜೆ ಶುರುಮಾಡಿದ ಪೆನ್ ಕಂಪನಿಯ ಹಳೇ ಧಾಟಿಯ ರೀಲುಗಳನ್ನು: ಲೋಹದ ಸ್ಪೂಲ್, ಕಡಿಮೆ ಬಿಡಿಭಾಗ, ಸ್ಕ್ರೂಡ್ರೈವರ್ ಕಂಡರೆ ಬಾಯಿ ತೆರೆಯುವ ಗುಣ.

ಇನ್ನುಳಿದದ್ದು ಆರೈಕೆ. ಪ್ರತಿ ಸಲ ಬಂದಮೇಲೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಪೈಪಿನಿಂದ ರಭಸವಾಗಿ ಬಿಟ್ಟರೆ ಉಪ್ಪು ಒಳಗೇ ಸೇರುತ್ತದೆ. ದಾರಕ್ಕೆ ತಡೆ ಕೊಡುವ ಡ್ರ್ಯಾಗ್ ಸಡಿಲಿಸಿ ನೆರಳಲ್ಲಿ ಒಣಗಿಸಬೇಕು. ಇದನ್ನು ಓದಿ ಹೇಳುತ್ತಿದ್ದಾಗ ಹೆಂಡತಿ ಒಳಗಿನಿಂದ ಬಂದಳು. ನಮ್ಮ ಸಿಹಿನೀರು ಎಂದರೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ಏರಿ ಬರುವ ತುಂಗಭದ್ರೆ; ನಲ್ಲಿಗೆ ಬರುವುದು ಪಾಳಿ ಪ್ರಕಾರ. ಸವಳು ನೀರಿನಲ್ಲಿ ತೊಳೆದರೆ ಒಂದು ಉಪ್ಪು ತೆಗೆದು ಇನ್ನೊಂದು ಹಚ್ಚಿದಂತೆ.

"ಸೀನೀರು ಬ್ಯಾಳಿ ಬೇಯಿಸಾಕ ಇಟ್ಟೀನಿ. ಒಂದು ತಂಬಿಗಿ ಕೊಡ್ತೀನಿ. ಅಷ್ಟರಾಗ ತೊಳ್ಯಾಕ ಬರೂದನ್ನ ತಗೋ."

ಕ್ಯಾಟಲಾಗಿನಲ್ಲಿ ಗೇರಿನ ಅನುಪಾತ, ಡ್ರ್ಯಾಗಿನ ಬಲ, ತೂಕ ಎಲ್ಲಕ್ಕೂ ಕಾಲಂ ಇತ್ತು, ತಂಬಿಗೆಗೆ ಇರಲಿಲ್ಲ. ಪೆನ್ಸಿಲಿನಿಂದ ನಾನೇ ಗೆರೆ ಎಳೆದು ಸೇರಿಸಿದೆ. ತಿಮಿಂಗಿಲಕ್ಕೂ ಹೆದರದ ದೊಡ್ಡ ದೊಡ್ಡ ರೀಲುಗಳೆಲ್ಲ ಆ ಕಾಲಮಿನಲ್ಲಿ ನಪಾಸಾದವು.