ಪಂಚಿಂಗ್ ಯೋಗ: ಹಾರೋಹಳ್ಳಿ ಸಾಧನಾಸೂತ್ರಕ್ಕೊಂದು ಲಘುಭಾಷ್ಯ

ಈ ಸೂತ್ರಗಳ ಕರ್ತೃ ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂದು ಪಂಥದ ಪ್ರಕಾರ ಆತ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿಯವರು (ಕೆಐಎಡಿಬಿ) ಬಂದು ಪ್ಲಾಟು ವಿಂಗಡಿಸುವ ಮೊದಲು ಹಾರೋಹಳ್ಳಿಯಲ್ಲಿ ರಾಗಿ ಬಿತ್ತುತ್ತಿದ್ದವನು. ಇನ್ನೊಂದು ಪಂಥದ ಪ್ರಕಾರ ಅದೇ ಹೊಲದಲ್ಲಿ ಎದ್ದ ಶೆಡ್ಡಿನ ಸೆಕ್ಯುರಿಟಿ. ಇಬ್ಬರೂ ಒಬ್ಬನೇ ಎಂಬುದು ಪ್ರಸ್ತುತ ಭಾಷ್ಯಕಾರನ ನಿಲುವು.

ಮೊದಲಿಗೆ ದೇಶನಿರ್ಣಯ. ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದರೆ ಉದಯಪುರದ ಬಳಿ ಆರ್ಟ್ ಆಫ್ ಲಿವಿಂಗ್ ಆಶ್ರಮ, ಮುಂದೆ ಕೆಬ್ಬೆದೊಡ್ಡಿಯಲ್ಲಿ 102 ಅಡಿ ಎತ್ತರದ ಧ್ಯಾನದ ಪಿರಮಿಡ್ಡು, ಕನಕಪುರವನ್ನೂ ದಾಟಿ ಹೋದರೆ ಕಬ್ಬಾಳಮ್ಮನ ಗುಡಿ. ಈ ಪುಣ್ಯಕ್ಷೇತ್ರಗಳ ನಡುವೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶ. ವಾರಾಂತ್ಯಕ್ಕೆ ಕಾರಿನಲ್ಲಿ ಬಂದವರು ಅಲ್ಲಿ ಕಣ್ಣು ಮುಚ್ಚಿ ಎಚ್ಚರವಾಗಿರುವುದನ್ನು ಕಲಿಯುತ್ತಾರೆ. ಇಲ್ಲಿ ಮೂರನೇ ಶಿಫ್ಟಿನವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ಸಿದ್ಧಿ ಪಡೆದಿದ್ದಾರೆ.

ಮೊದಲ ಸೂತ್ರ: ‘ನಾನಾರೆಂಬ ವಿಚಾರ ಗೇಟಿನಲ್ಲೇ.’

ಸಾಧಕ ಬೆಳಗಿನ ಜಾವ ಬಯೋಮೆಟ್ರಿಕ್ ಯಂತ್ರಕ್ಕೆ ಹೆಬ್ಬೆರಳು ಒತ್ತುತ್ತಾನೆ. ‘ಟ್ರೈ ಅಗೇನ್’ ಎನ್ನುತ್ತದೆ ಯಂತ್ರ. ಪ್ಯಾಂಟಿಗೆ ಉಜ್ಜಿಕೊಂಡು ಮತ್ತೆ ಒತ್ತುತ್ತಾನೆ. ಮತ್ತೆ ಅದೇ ಉಪದೇಶ. ಎಮರಿ ಪೇಪರು, ಕೂಲೆಂಟು, ಆಸಿಡ್ ನೀರಿನಲ್ಲಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ‘ನಾನು’ ಅಳಿಯಲು ಜನ್ಮಜನ್ಮಾಂತರ ಬೇಕೆಂದು ವೇದಾಂತಿಗಳು ಹೇಳುತ್ತಾರೆ. ಬಫಿಂಗ್ ಸೆಕ್ಷನ್ನಿಗೆ ಅಷ್ಟು ಕಾಲ ಬೇಕಿಲ್ಲ. ಮೋಕ್ಷ ಸಿಕ್ಕಿದ ದಿನ ಹಾಜರಿ ಸಿಗುವುದಿಲ್ಲ ಎಂಬುದೊಂದೇ ತೊಡಕು.

ಎರಡನೇ ಸೂತ್ರ: ‘ಎರಡೂ ಕೈ ಕೂಡದೆ ಕೃಪೆಯಿಲ್ಲ.’

ಇದೇ ಗ್ರಂಥದ ಹೃದಯ. ಪವರ್ ಪ್ರೆಸ್ಸಿಗೆ ಎಡಕ್ಕೊಂದು ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಆಗ ಯಾವ ಕೈಯೂ ಡೈ ಒಳಗೆ ಇರಲಾರದು. ಇದಕ್ಕೆ ದ್ವಿಹಸ್ತಮುದ್ರೆ ಎಂದು ಹೆಸರು. ಪೂರ್ವಪಕ್ಷಿ ಕೇಳುತ್ತಾನೆ: ‘ಸ್ವಾಮಿ, ಎರಡೂ ಕೈ ಗುಂಡಿಯ ಮೇಲಿದ್ದರೆ ಟಾರ್ಗೆಟ್ ಮುಟ್ಟುವುದು ಹೇಗೆ?’ ಕೇಳಿ ಉತ್ತರಕ್ಕೆ ಕಾಯದೆ ಎಡಗುಂಡಿಗೊಂದು ಬೆಣೆ ಸಿಗಿಸಿ, ಮೇಲೆ ಟೇಪು ಸುತ್ತುತ್ತಾನೆ. ಶಿಫ್ಟು ಶುರುವಾಗುವಾಗ ಗಣಪತಿ ಫೋಟೋಕ್ಕೆ ಎರಡೂ ಕೈ ಜೋಡಿಸಿದವನೂ ಅವನೇ. ಸೂಪರ್‌ವೈಸರು ಟೇಪನ್ನು ನೋಡುತ್ತಾನೆ, ಏನೂ ಹೇಳುವುದಿಲ್ಲ. ಕೆಲವು ಟೀಕಾಕಾರರು ಇದನ್ನೇ ಸಾಕ್ಷಿಭಾವವೆಂದು ಕೊಂಡಾಡಿದ್ದಾರೆ. ಅದು ಸಲ್ಲದು. ಸಾಕ್ಷಿಯಾದವನು ಆಮೇಲೆ ಬಂದು ಕಂಡದ್ದನ್ನು ಹೇಳಬೇಕಾಗುತ್ತದೆ.

ಸ್ಮೃತಿಯ ಆಧಾರವೂ ಉಂಟು. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನು ಯಂತ್ರದ ಅಪಾಯಕಾರಿ ಭಾಗಕ್ಕೆ ಭದ್ರವಾದ ಬೇಲಿ ಹಾಕಬೇಕೆಂದು ವಿಧಿಸಿತು. ಗರ್ಭಗುಡಿಯ ಹೊಸ್ತಿಲು ದಾಟಬಾರದೆಂಬುದು ನಮ್ಮವರಿಗೆ ಯಾರೂ ಹೇಳಿಕೊಡದೆ ಗೊತ್ತು. ಯಂತ್ರದ ಬೇಲಿಯಾದ ಗಾರ್ಡಿನ ಬೋಲ್ಟು ಬಿಚ್ಚಬಾರದೆಂದು ಮಾತ್ರ ಬೋರ್ಡು ಬರೆಸಬೇಕು.

ಮೂರನೆಯದು ಆಯುಧಪೂಜೆಯ ಸೂತ್ರ: ‘ಹಾರವೂ ಕೈಯೇ.’ ನವಮಿಯ ದಿನ ಬಾಳೆಕಂದು, ಮಾವಿನ ತೋರಣ, ಕಡ್ಲೆಪುರಿ, ಸ್ವೀಟ್ ಬಾಕ್ಸು. ಭಕ್ತಿಯ ಭರದಲ್ಲಿ ಯಂತ್ರದ ಮುಂಭಾಗಕ್ಕೆ ಸೇವಂತಿಗೆ ಹಾರ ಇಳಿಬಿಡುತ್ತಾರೆ, ಕೈ ಕಾಯುವ ಸೆನ್ಸರಿನ ಗಾಜಿಗೆ ವಿಭೂತಿ ಬಳಿದು ಕುಂಕುಮ ಇಡುತ್ತಾರೆ. ಬೆಳಕಿನ ಕಿರಣಕ್ಕೆ ಏನೇ ಅಡ್ಡ ಬಂದರೂ ಯಂತ್ರ ಅದನ್ನು ಕೈಯೆಂದೇ ತಿಳಿದು ನಿಂತುಬಿಡುತ್ತದೆ. ಮರುದಿನ ಮೆಂಟೇನೆನ್ಸಿನವನು ಬಂದು ಹಾರ ತೆಗೆದರೆ ಅಪಚಾರವಾದೀತೆಂದು ಸೆನ್ಸರನ್ನೇ ಬೈಪಾಸ್ ಮಾಡುತ್ತಾನೆ. ಹೀಗೆ ಕೈಯನ್ನು ಕಾಯುತ್ತಿದ್ದ ದೇವರ ಕಣ್ಣು ಕಟ್ಟಿ ಪೂಜೆ ಸಾಂಗವಾಗುತ್ತದೆ. ಹಾರಕ್ಕೂ ಕೈಗೂ ಭೇದವೆಣಿಸದ ಯಂತ್ರವನ್ನು ಅದ್ವೈತಿಗಳು ಗಮನಿಸಬೇಕು.

ಅಪರಿಗ್ರಹದ ಸೂತ್ರ ಚಿಕ್ಕದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಇಲ್ಲಿ ಹಿಂದಕ್ಕೆ ಸುರಿಯುವಷ್ಟು ಹೆಚ್ಚಿನದು ಸಿಗುವುದೇ ಇಲ್ಲ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಎಂದು ಅದೇ 1948ರ ಕಾಯ್ದೆಯ 59ನೇ ಸೆಕ್ಷನ್ನು ಹೇಳಿತು. ಎಷ್ಟೋ ಕಾಂಟ್ರ್ಯಾಕ್ಟ್ ಕಾರ್ಮಿಕರ ಕೈಗೆ ಬರುವುದು ಒಂದುಪಟ್ಟು. ಲಕ್ಕಮ್ಮ ಇಂದು ಹಾರೋಹಳ್ಳಿಯಲ್ಲಿದ್ದಿದ್ದರೆ ಗಂಡನನ್ನು ಮನೆಯಲ್ಲೇ ಕೂರಿಸಿ, ಸ್ಯಾಲರಿ ಸ್ಲಿಪ್ಪು ಹಿಡಿದು ತಾನೇ ಕಾಂಟ್ರ್ಯಾಕ್ಟರನ ಆಫೀಸಿಗೆ ನಡೆಯುತ್ತಿದ್ದಳು.

ಕೊನೆಯ ಸೂತ್ರದ ಹಾಳೆ ಅರ್ಧ ಹರಿದಿದೆ. ‘ಕುಂಬಳಕಾಯಿ ಒಡೆದ ಮೇಲೆ’ ಎಂಬಷ್ಟೇ ಉಳಿದಿದೆ. ಮುಂದಿನದನ್ನು ಯೋಗಶಕ್ತಿಯಿಂದ ಊಹಿಸುವ ಅಗತ್ಯವಿಲ್ಲ, ಪೂಜೆಯ ಸಂಜೆ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ನಿಂತರೆ ಸಾಕು: ಗೇಟುಗೇಟಿಗೂ ಕುಂಕುಮ ತುಂಬಿದ ತಿರುಳು, ಲಾರಿ ಚಕ್ರ ಹರಿದು ಲೋಳೆಯಾದ ಬೀಜ. ದೃಷ್ಟಿ ತೆಗೆದವರು ದಯವಿಟ್ಟು ಒಂದು ಸಲಿಕೆ ತಂದು ಹೋಳುಗಳನ್ನೂ ತೆಗೆದು ಬದಿಗೆ ಹಾಕಿ. ಸೆಕೆಂಡ್ ಶಿಫ್ಟು ಮುಗಿಸಿ ಬರುವವರೆಲ್ಲ ಬೈಕಿನವರು.